ಅಟ್ಟದಲ್ಲೊಂದು ಇವಿ ಲ್ಯಾಬ್!

ಮಕ್ಕಳು ಕೂತು ಓಡಿಸುವ ಬ್ಯಾಟರಿ ಕಾರು ಈಚಿನ ಫ್ಯಾಷನ್ ಅಂದುಕೊಂಡಿದ್ದೀರಾ? ಅದಕ್ಕೆ ನೂರರ ಹತ್ತಿರದ ಪ್ರಾಯ. 1926ರಲ್ಲಿ ಫ್ರಾನ್ಸಿನ ಮೋಲ್ಸೈಮ್‌ನಲ್ಲಿ ಎತ್ತೋರೆ ಬುಗಾಟಿ ತಮ್ಮ ಕಿರಿಯ ಮಗ ರೋಲಾಂಡ್‌ನ ಹುಟ್ಟುಹಬ್ಬಕ್ಕೆಂದು, ಟೈಪ್ 35 ರೇಸ್ ಕಾರಿನ ಅರ್ಧ ಅಳತೆಯ ವಿದ್ಯುತ್ ಕಾರು ಮಾಡಿಕೊಟ್ಟರು. ಕಾರ್ಖಾನೆಗೆ ಬಂದ ಗ್ರಾಹಕರು ತಮಗೂ ಬೇಕೆಂದರು. 1927ರಿಂದ 1936ರವರೆಗೆ ಇಂಥ ಸುಮಾರು 500 ‘ಬೇಬಿ’ ಕಾರುಗಳು ತಯಾರಾದವು.

ಕಡಬಕ್ಕೆ ಬುಗಾಟಿ ಎಲ್ಲಿಂದ ಬರಬೇಕು! ಆದರೆ ಬಣ್ಣ ಮಾಸಿದ ಪ್ಲಾಸ್ಟಿಕ್ ಕಾರು ನಮ್ಮ ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಸಿಗುತ್ತದೆ. ಮಾವ ದುಬೈಯಿಂದ ತಂದ ಒಂದು ನಮ್ಮಲ್ಲೂ ಇತ್ತು. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ಮಳೆಗಾಲದಲ್ಲಿ ಅದನ್ನು ಕೆಳಗಿಳಿಸಿ ಬಿಚ್ಚಿದೆ. “ಗುಜರಿಗೆ ಕೊಡುವುದು ಬಿಟ್ಟು ಇದೆಂತದು ಮಾರಾಯ ನಿಂದು?” ಅಂದರು ಅಮ್ಮ.

ಒಳಗಿದ್ದದ್ದು 6 ವೋಲ್ಟ್‌ನ ಸೀಸ-ಆಮ್ಲದ ಬ್ಯಾಟರಿ, ಡಿಸಿ ಮೋಟಾರ್, ಪ್ಲಾಸ್ಟಿಕ್ ಗೇರ್, ಒಂದಿಷ್ಟು ವಯರ್. ಕಾಲಡಿಯ ಆಕ್ಸಿಲರೇಟರ್ ಬರೀ ಆನ್-ಆಫ್ ಸ್ವಿಚ್. ರಿವರ್ಸ್ ಎಂದರೆ ಮೋಟಾರಿಗೆ ಹೋಗುವ ಪ್ಲಸ್-ಮೈನಸ್ ಅದಲುಬದಲು, ಅಷ್ಟೇ. ಬ್ಯಾಟರಿ ಹಾಳಾದದ್ದು ಓಡಿಸಿ ಅಲ್ಲ, ಓಡಿಸದೆ. ಚಾರ್ಜ್ ಮಾಡದೆ ವರ್ಷಗಟ್ಟಲೆ ಇಟ್ಟರೆ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗುತ್ತದೆ. ನಮ್ಮೂರಿನ ತೇವಕ್ಕೆ ಟರ್ಮಿನಲ್‌ಗಳಿಗೂ ಕಿಲುಬು ಹಿಡಿದಿತ್ತು. ಅದನ್ನು ಉಜ್ಜಿ, ಹೊಸ ಬ್ಯಾಟರಿ ಹಾಕಿದೆ. ಅಕ್ಕನ ಮಗಳು ಜಗಲಿಯಲ್ಲಿ ಎರಡು ಸುತ್ತು ಹೊಡೆದಳು!

2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ಕೂಡ ಸೀಸ-ಆಮ್ಲದ ಬ್ಯಾಟರಿಯಲ್ಲೇ ಓಡುತ್ತಿತ್ತು. 6 ವೋಲ್ಟ್‌ನ ಎಂಟು ಬ್ಯಾಟರಿ ಸೇರಿ 48 ವೋಲ್ಟ್. ಇಂದಿನ ಇವಿಗಳಿಗೆ ಲಿಥಿಯಂ ಬ್ಯಾಟರಿ ಬಂದಿದೆ. ಬರೀ ಸ್ವಿಚ್ಚಿನ ಜಾಗದಲ್ಲಿ, ಕರೆಂಟನ್ನು ಬೇಕಾದಷ್ಟೇ ಬಿಡುವ ಕಂಟ್ರೋಲರ್ ಇದೆ. ಬ್ಯಾಟರಿಯಿಂದ ಮೋಟಾರಿಗೆ, ಮೋಟಾರಿನಿಂದ ಗಾಲಿಗೆ ಎಂಬ ದಾರಿ ಮಾತ್ರ ಅದೇ.

ಮುಂದೆ ಇವಿ ಸರ್ವಿಸ್ ಸೆಂಟರೊಂದರ ಸಂದರ್ಶನದಲ್ಲಿ “ಕೈಯಾರೆ ಮಾಡಿದ ಕೆಲಸ ಏನಾದರೂ ಇದೆಯಾ?” ಎಂದು ಕೇಳಿದರು. ಅಂಕಪಟ್ಟಿ ಬದಿಗಿಟ್ಟು ಈ ಕಾರಿನ ಕಥೆ ಹೇಳಿದೆ. ಪ್ರಶ್ನೆಗಳೆಲ್ಲ ಅದರ ಸುತ್ತಲೇ ಬಂದವು. ಈಗ ಅಲ್ಲೇ ಟ್ರೈನಿಯಾಗಿದ್ದೇನೆ. ಸಂಬಳ ಸಣ್ಣದು, ಕಲಿಯುವುದು ಬೇಕಾದಷ್ಟಿದೆ.

ನಿಮ್ಮಲ್ಲೂ ಅಂಥದ್ದೊಂದು ಕಾರಿದ್ದರೆ ಒಂದು ಸ್ಕ್ರೂಡ್ರೈವರ್, ಒಂದು ಮಲ್ಟಿಮೀಟರ್ ಸಾಕು. ಮೊದಲು ಬ್ಯಾಟರಿಯ ವಯರ್ ಕಳಚಿ. ಬ್ಯಾಟರಿಯನ್ನು ಮಾತ್ರ ಒಡೆಯಬೇಡಿ, ಸೀಸ ವಿಷ. ಹಳೆಯದನ್ನು ಬ್ಯಾಟರಿ ಅಂಗಡಿಗೇ ಕೊಡಿ. ಉಳಿದದ್ದನ್ನು ಧೈರ್ಯವಾಗಿ ಬಿಚ್ಚಿ, ಮತ್ತೆ ಜೋಡಿಸಿ.