ಕಳ್ಳನ ಕಾಸಿಗೆ ಅಂಗಡಿಯ ಗಲ್ಲಾಕ್ಕೆ ಬೀಗ!

ಬೆಳಿಗ್ಗೆ ಹಾಲಿನವನಿಗೆ ದುಡ್ಡು ಕಳಿಸಹೋದರೆ ಹೋಗದು. ಬ್ಯಾಂಕಿಗೆ ಓಡಿದರೆ ಒಂದೇ ಉತ್ತರ: 'ನಿಮ್ಮ ಖಾತೆ ಫ್ರೀಜ್ ಆಗಿದೆ, ಪೊಲೀಸರನ್ನೇ ಕೇಳಿ.' ಯಾವ ಪೊಲೀಸರು ಸ್ವಾಮಿ? ಎಷ್ಟೋ ಸಲ ಊರಿನ ಠಾಣೆಯವರಲ್ಲ, ಹೊರರಾಜ್ಯದವರು. ಅಂಗಡಿಯವನ ತಪ್ಪೇನು? ಯಾರೋ ಗಿರಾಕಿ ಕ್ಯೂಆರ್ ಚೀಟಿಗೆ ಫೋನು ಹಿಡಿದು ಸಾಮಾನು ಕೊಂಡದ್ದು!

ದೆಹಲಿಯಲ್ಲಿ ಛೋಲೆ ಭಟೂರೆ ಮಾರುವ ಬೀದಿ ವ್ಯಾಪಾರಿಯೊಬ್ಬರ ಇಂಥದೇ ಗೋಳು 2024ರಲ್ಲಿ ಅಲ್ಲಿನ ಹೈಕೋರ್ಟು ಮುಟ್ಟಿತು. ವಂಚನೆಯ ಹಣದಲ್ಲಿ ಅವರ ಖಾತೆಗೆ ಬಂದದ್ದು ಬರೀ 105 ರೂಪಾಯಿ. ಅಷ್ಟಕ್ಕೆ ಇಡೀ ಖಾತೆಯೇ ಬಂದ್! ಆ 105 ರೂಪಾಯಿ ಮಾತ್ರ ತಡೆದಿಡಿ, ಖಾತೆ ನಡೆಯಲು ಬಿಡಿ ಎಂದು ಕೋರ್ಟೇ ಹೇಳಬೇಕಾಯಿತು. ಕೇರಳ ಹೈಕೋರ್ಟು 2023ರಲ್ಲೇ ಇದೇ ಮಾತು ಹೇಳಿತ್ತು: ಪೊಲೀಸರು ತಿಳಿಸಿದ ಮೊತ್ತಕ್ಕಷ್ಟೇ ತಡೆ, ಮಿಕ್ಕ ಹಣಕ್ಕಲ್ಲ.

ಇದು ಆಗುವುದು ಹೀಗೆ. ಮೋಸ ಹೋದವರು 1930ಕ್ಕೆ ಫೋನು ಮಾಡುತ್ತಾರೆ. ದೂರು ಕೂಡಲೇ ಬ್ಯಾಂಕುಗಳಿಗೆ ಮುಟ್ಟುತ್ತದೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿದಿದ್ದರೆ, ಹರಿದ ದಾರಿಯ ಖಾತೆಗಳಿಗೆಲ್ಲ ತಡೆ. ಕಳ್ಳ ಅದೇ ಹಣದಲ್ಲಿ ಅಕ್ಕಿ ಕೊಂಡಿದ್ದರೆ ಅಕ್ಕಿ ಅಂಗಡಿಯವನೂ ಆ ಸಾಲಿನಲ್ಲಿ ನಿಲ್ಲಬೇಕಾದೀತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ!

ಅವಸರಕ್ಕೆ ಕಾರಣವಿಲ್ಲದಿಲ್ಲ. ಕಳ್ಳರ ಕೈಯಲ್ಲಿ ಹಣ ನಿಮಿಷಗಳಲ್ಲಿ ಹತ್ತಾರು ಖಾತೆ ದಾಟುತ್ತದೆ. ಪೊಲೀಸರು ತಡಮಾಡಿದರೆ ಮೋಸಹೋದ ಮುದುಕರ ಪಿಂಚಣಿ ದುಡ್ಡು ನೀರುಪಾಲು. ತಡೆಯುವುದು ಬೇಡವೆಂದು ಯಾರೂ ಹೇಳುತ್ತಿಲ್ಲ. ಎಷ್ಟು ತಡೆಯಬೇಕು, ಎಷ್ಟು ದಿನ, ಯಾರಿಗೆ ಲೆಕ್ಕ ಕೊಡಬೇಕು ಎಂಬುದೇ ಪ್ರಶ್ನೆ.

ಬ್ಯಾಂಕ್ ಖಾತೆಯೂ ಪೊಲೀಸರು ವಶಪಡಿಸಿಕೊಳ್ಳಬಹುದಾದ ಸ್ವತ್ತೇ ಎಂದು ಸುಪ್ರೀಂ ಕೋರ್ಟು 1999ರಲ್ಲಿ ಹೇಳಿತು. ಈ ಅಧಿಕಾರ ಆಗ ದಂಡ ಪ್ರಕ್ರಿಯಾ ಸಂಹಿತೆಯ 102ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮಿನಲ್ಲಿದೆ. ಜಪ್ತಿ ಮಾಡಿದವರು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ವರದಿ ಕೊಡಬೇಕೆಂಬ ಕಟ್ಟೂ ಅದರಲ್ಲೇ ಇದೆ. ಆದರೆ ಖಾತೆದಾರನಿಗೆ ಮೊದಲೇ ನೋಟೀಸು ಕೊಡಿ ಎಂಬ ಮಾತು ಅಲ್ಲಿಲ್ಲ. ಸಂಕಟ ಇರುವುದೇ ಇಲ್ಲಿ. ಕಾನೂನಿನ ಆಧಾರವಿಲ್ಲದೆ ಯಾರ ಸ್ವತ್ತನ್ನೂ ಕಸಿಯಬಾರದು ಎನ್ನುತ್ತದೆ ಸಂವಿಧಾನದ 300ಎ ವಿಧಿ. ದೊಡ್ಡ ಸಾಹುಕಾರ ವಕೀಲರನ್ನಿಟ್ಟು ಅದನ್ನು ಕೇಳಿಯಾನು. ದಿನದ ವ್ಯಾಪಾರದಲ್ಲೇ ಮರುದಿನದ ಸರಕು ತರುವವನು ಯಾವ ಕೋರ್ಟಿಗೆ ಅಲೆದಾನು?

ಖಾತೆ ನಿಂತಿತೆಂದು ಕೈಕಟ್ಟಿ ಕೂರುವುದು ಬೇಡ. ಯಾವ ಠಾಣೆ, ಯಾವ ದೂರಿನ ನಂಬರು, ಎಷ್ಟು ಮೊತ್ತ—ಇವನ್ನು ಬ್ಯಾಂಕಿನಿಂದ ಬರಹದಲ್ಲೇ ಕೇಳಿ ಪಡೆಯಬೇಕು. ಆ ದಿನದ ಬಿಲ್ಲು, ಸ್ಟಾಕು ಪುಸ್ತಕ ಜೋಡಿಸಿ ಆ ಠಾಣೆಗೆ ಅರ್ಜಿ ಕಳಿಸಬೇಕು. ಜಿಲ್ಲೆಯ ಸಿಇಎನ್ ಠಾಣೆಯಲ್ಲೂ ವಿಚಾರಿಸಬಹುದು. ಅದಕ್ಕೂ ಜಗ್ಗದಿದ್ದರೆ ಕೋರ್ಟಿನ ಬಾಗಿಲು ಇದ್ದೇ ಇದೆ.

ಕಳ್ಳನನ್ನು ಹಿಡಿಯಲಿ, ಬೇಡವೆಂದವರಾರು? ಆದರೆ 105 ರೂಪಾಯಿ ಹುಡುಕುವ ನೆಪದಲ್ಲಿ ಬಡವನ ಒಲೆ ಆರಿಸಬಾರದು.