ತಣ್ಣೀರುಬಾವಿಯಲ್ಲಿ ಟೆಂಟ್ ಹಾಕುವ ಮೊದಲು: ಪುಟ್ಟ ಮಕ್ಕಳಿಗೆ ಚಳಿ ಎಲ್ಲಿಂದ ಬರುತ್ತೆ?

(ಕೇಳೋಕೆ ಟೈಮ್ ಇಲ್ವಾ? ಇವತ್ತಿನ ಎಪಿಸೋಡ್‌ನ ಬರಹ ರೂಪ ಇಲ್ಲಿದೆ.)

ಡಿಸೆಂಬರ್ ಬಂತು ಅಂದ್ರೆ ಉರ್ವ, ಬೋಳೂರು, ಅಶೋಕನಗರ ಕಡೆಯ ಮನೆಗಳಲ್ಲಿ ಒಂದು ಪ್ಲ್ಯಾನ್ ಏಳ್ತದೆ. "ಮಕ್ಕಳನ್ನು ಕರ್ಕೊಂಡು ಬೀಚಲ್ಲಿ ಒಂದು ರಾತ್ರಿ ಟೆಂಟ್ ಹಾಕುವಾ?" ಯಾರಾದ್ರೂ ಚಳಿಯ ಮಾತೆತ್ತಿದ್ರೆ ಉತ್ತರ ರೆಡಿ: "ಮಂಗಳೂರಲ್ಲಿ ಎಂಥ ಚಳಿ ಮಾರಾಯ್ರೆ!"

ಥರ್ಮಾಮೀಟರ್ ನೋಡಿದ್ರೆ ಆ ಮಾತು ಸರಿಯೇ. ಡಿಸೆಂಬರ್-ಜನವರಿಯ ಬೆಳಗಿನ ಜಾವ ಇಲ್ಲಿ ಸಾಮಾನ್ಯವಾಗಿ 20ರಿಂದ 22 ಡಿಗ್ರಿ ಆಸುಪಾಸು. ಬೆಂಗಳೂರಿನವರು ಕೇಳಿದ್ರೆ ನಗ್ತಾರೆ. ಆದ್ರೆ ಎರಡು ವರ್ಷದ ಮಗು ಒದ್ದೆ ಚಡ್ಡಿಯಲ್ಲಿ, ತೇವದ ಮರಳಿನ ಮೇಲೆ, ಗಾಳಿಗೆ ಮೈಯೊಡ್ಡಿ ಕೂತಿದ್ರೆ ಆ 20 ಡಿಗ್ರಿಯೇ ಬೇರೆ. ಕರಾವಳಿಯ ಚಳಿ ಬರೋದು ಮೂರು ಕಡೆಯಿಂದ: ನೀರು, ನೆಲ, ಗಾಳಿ. ಈ ಮೂರನ್ನು ತಡೆದ್ರೆ ರಾತ್ರಿ ಚೆಂದ ಕಳೀತದೆ. ಇಲ್ಲಾಂದ್ರೆ ಎಷ್ಟು ಕಂಬಳಿ ಹೊತ್ತುಕೊಂಡು ಹೋದ್ರೂ ಸಾಲದು.

ಗೋಳಿಬಜೆ ಲೆಕ್ಕ

ಮೊದಲು, ಮಕ್ಕಳಿಗೇ ಯಾಕೆ ಬೇಗ ಚಳಿ? ಬಿಸಿ ಗೋಳಿಬಜೆ ತಟ್ಟೆಗೆ ಬಿದ್ದ ಐದು ನಿಮಿಷಕ್ಕೆ ಆರ್ತದೆ, ಅನ್ನದ ದೊಡ್ಡ ಪಾತ್ರೆ ಗಂಟೆಗಟ್ಟಲೆ ಬಿಸಿ ಇರ್ತದೆ. ಚಿಕ್ಕ ವಸ್ತುವಿನಲ್ಲಿ ಒಳಗಿನ ತೂಕಕ್ಕೆ ಹೋಲಿಸಿದ್ರೆ ಹೊರಮೈ ಜಾಸ್ತಿ, ಶಾಖ ಸೋರಿ ಹೋಗೋದು ಆ ಹೊರಮೈಯಿಂದಲೇ. 12 ಕಿಲೋ ತೂಗುವ ಮಗುವಿಗೆ, ಪ್ರತಿ ಕಿಲೋ ಲೆಕ್ಕದಲ್ಲಿ, ದೊಡ್ಡವರಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಚರ್ಮ ಇರ್ತದೆ. ಎಳೆ ಕೂಸಿಗೆ ಇನ್ನೂ ಹೆಚ್ಚು. ಅದರ ಮೇಲೆ ಎಳೆ ಕೂಸುಗಳು ನಮ್ಮ ಹಾಗೆ ನಡುಗಿ ಮೈ ಬಿಸಿ ಮಾಡ್ಕೊಳ್ಳೋದಿಲ್ಲ. ಅವುಗಳ ಮೈಯಲ್ಲಿರುವ ಕಂದು ಕೊಬ್ಬು ಅನ್ನುವ ವಿಶೇಷ ಕೊಬ್ಬು ಉರಿದು ಶಾಖ ಕೊಡ್ತದೆ. ಆದ್ದರಿಂದ "ಪಾಪು ನಡುಗ್ತಾ ಇಲ್ಲ, ಚಳಿ ಇಲ್ಲ" ಅನ್ನೋ ಲೆಕ್ಕಾಚಾರ ನಂಬಬೇಡಿ.

ನೀರು: ಸಂಜೆ ಆರಕ್ಕೆ ಆಟ ಬಂದ್

ಚಳಿಗಾಲದಲ್ಲೂ ನಮ್ಮ ಸಮುದ್ರದ ನೀರು ಬೆಚ್ಚಗೇ ಇರ್ತದೆ. ಹಾಗಾಗಿ ಮಕ್ಕಳು ನೀರೊಳಗೆ ಇರುವಷ್ಟು ಹೊತ್ತು ಏನೂ ಅನ್ನಿಸೋದಿಲ್ಲ. ತೊಂದರೆ ಶುರುವಾಗೋದು ಹೊರಗೆ ಬಂದ ಮೇಲೆ. ಬಟ್ಟೆಯಲ್ಲಿ ಉಳಿದ 100 ಮಿಲಿಲೀಟರ್ ನೀರು ಆವಿಯಾಗಲು ಸುಮಾರು 58 ಕಿಲೋಕ್ಯಾಲರಿ ಶಾಖ ಬೇಕು. ಸ್ವಲ್ಪ ಭಾಗ ಗಾಳಿ ಕೊಡ್ತದೆ, ಉಳಿದದ್ದನ್ನು ಮಗುವಿನ ಮೈಯೇ ಕೊಡಬೇಕು. ಒಂದೆರಡು ವರ್ಷದ ಮಗು ಇಡೀ ದಿನಕ್ಕೆ ತಿನ್ನೋದು ಸುಮಾರು 1000 ಕಿಲೋಕ್ಯಾಲರಿ ಅಂತ ನೆನಪಿಟ್ಕೊಳ್ಳಿ.

ಜನವರಿಯಲ್ಲಿ ಇಲ್ಲಿ ಸೂರ್ಯ ಮುಳುಗೋದು ಆರೂಕಾಲರ ಸುಮಾರಿಗೆ. ಅದಕ್ಕೆ ಮೊದಲೇ ನೀರಾಟ ಮುಗಿಸಿ, ಸಿಹಿನೀರಲ್ಲಿ ಉಪ್ಪು ತೊಳೆದು, ತಲೆ ಚೆನ್ನಾಗಿ ಒರೆಸಿ, ಒಣ ಬಟ್ಟೆ ಹಾಕಿ. ಒಳಉಡುಪೂ ಸೇರಿ ಎಲ್ಲ ಬದಲಾಗಬೇಕು. ಒಂದು ಜೊತೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡಿ. ಅದು ಮಲಗೋಕೆ ಮಾತ್ರ, ಏನೇ ಆದ್ರೂ ಆಟಕ್ಕೆ ತೆಗೀಬೇಡಿ.

ನೆಲ: ಮೇಲಿನ ಕಂಬಳಿಗಿಂತ ಕೆಳಗಿನ ಚಾಪೆ ಮುಖ್ಯ

ಮಧ್ಯಾಹ್ನ ಕಾಲು ಸುಡುವ ಮರಳು ರಾತ್ರಿ ತಣ್ಣಗೆ ಕೊರೀತದೆ. ಮೋಡ ಇಲ್ಲದ ಆಕಾಶಕ್ಕೆ ಮರಳಿನ ಮೇಲ್ಪದರ ಬೇಗ ಬೇಗ ಶಾಖ ಬಿಟ್ಟುಕೊಡ್ತದೆ. ಮರಳು ತೇವ ಇದ್ರಂತೂ ಮೈಯ ಬಿಸಿಯನ್ನು ಎಳೆದುಕೊಳ್ತದೆ, ಯಾಕಂದ್ರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸ್ತದೆ. ಟೆಂಟಿನ ತೆಳು ತಳ ಇದನ್ನು ತಡೆಯೋದಿಲ್ಲ. ಕೆಳಗೊಂದು ಟಾರ್ಪಾಲ್, ಅದರ ಮೇಲೆ ಯೋಗ ಮ್ಯಾಟ್ ಅಥವಾ ಫೋಮ್ ಶೀಟ್, ಆಮೇಲೆ ಹಾಸಿಗೆ. ಎರಡೇ ಕಂಬಳಿ ಇದ್ರೆ ಒಂದನ್ನು ಕೆಳಗೆ ಹಾಸಿ.

ಇನ್ನೊಂದು ಒದ್ದೆ ಒಳಗಿಂದಲೇ ಬರ್ತದೆ. ಚಳಿ ಅಂತ ಟೆಂಟಿನ ಜಿಪ್ ಪೂರ್ತಿ ಮುಚ್ಚಿದ್ರೆ ನಾಲ್ಕು ಜನರ ಉಸಿರಿನ ತೇವ ಬಟ್ಟೆಗೆ ತಾಗಿ ನೀರಾಗ್ತದೆ, ಬೆಳಗಿನ ಜಾವ ಹನಿಹನಿಯಾಗಿ ಬೀಳ್ತದೆ. ಮೇಲಿನ ಜಾಲರಿ ಕಿಟಕಿ ಸ್ವಲ್ಪ ತೆರೆದಿರಲಿ. ಟೆಂಟ್ ಒಳಗೆ ಕೆಂಡ, ಸ್ಟವ್ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೀತದೆ.

ಗಾಳಿ: ರಾತ್ರಿ ದಿಕ್ಕು ಬದಲಾಗ್ತದೆ

ಸಂಜೆ ಟೆಂಟ್ ಹಾಕುವಾಗ ಗಾಳಿ ಸಮುದ್ರದಿಂದ ಬರ್ತಾ ಇರ್ತದೆ. ಅದನ್ನು ನೋಡಿ ಬಾಗಿಲನ್ನು ಪೂರ್ವಕ್ಕೆ ತಿರುಗಿಸ್ತೇವೆ. ಆದ್ರೆ ರಾತ್ರಿ ನೆಲ ತಣ್ಣಗಾಗ್ತದೆ, ಸಮುದ್ರ ಬೆಚ್ಚಗೇ ಉಳೀತದೆ. ಗಾಳಿ ಉಲ್ಟಾ ಹೊಡೆದು ನೆಲದಿಂದ ಸಮುದ್ರಕ್ಕೆ ಬೀಸ್ತದೆ. ಹಾಯಿದೋಣಿ ಕಾಲದ ಮೀನುಗಾರರು ಈ ನೆಲಗಾಳಿ ಹಿಡಿದು ಬೆಳಗಿನ ಜಾವ ಕಡಲಿಗಿಳಿದು, ಹಗಲಿನ ಕಡಲಗಾಳಿಯಲ್ಲಿ ವಾಪಸ್ ಬರ್ತಿದ್ರು. ತಣ್ಣೀರುಬಾವಿ ಅಂದ್ರೆ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಗುರುಪುರ ನದಿ ಇರುವ ಮರಳಿನ ಪಟ್ಟಿ. ಅಲ್ಲಿ ಈ ಗಾಳಿ ನಮ್ಮ ಉರ್ವದ ಕಡೆಯಿಂದ, ನದಿ ದಾಟಿ ಬರ್ತದೆ. ಹಾಗಾಗಿ ಪೂರ್ವಕ್ಕೆ ಟೆಂಟಿನ ಬೆನ್ನಿರಲಿ. ಗಾಳಿಮರಗಳ ಸಾಲು ಆ ಕಡೆ ಸಿಕ್ಕಿದ್ರೆ ಒಳ್ಳೇದು, ತೆಂಗಿನ ಮರದ ಬುಡ ಮಾತ್ರ ಬೇಡ.

ಜಾಗ ಆರಿಸುವಾಗ ಉಬ್ಬರವನ್ನೂ ನೋಡಿ. ನಮ್ಮಲ್ಲಿ ದಿನಕ್ಕೆ ಎರಡು ಸಲ ನೀರು ಏರ್ತದೆ. ಹುಣ್ಣಿಮೆ ರಾತ್ರಿ ಚೆಂದ ಅಂತ ಎಲ್ಲರಿಗೂ ಆಸೆ, ಆದ್ರೆ ಹುಣ್ಣಿಮೆ-ಅಮಾವಾಸ್ಯೆ ಹೊತ್ತಿಗೇ ಏರಿಕೆ ಹೆಚ್ಚು. ಕಸಕಡ್ಡಿ, ಚಿಪ್ಪು ಸಾಲಾಗಿ ಬಿದ್ದ ಗೆರೆಗಿಂತ ಸಾಕಷ್ಟು ಮೇಲೆ ಇರಿ. ಇದು ಕಡಲಾಮೆಗಳು ಮೊಟ್ಟೆ ಇಡುವ ಸೀಸನ್ ಕೂಡ. ಬೇಲಿ ಹಾಕಿದ ಗೂಡು ಕಂಡ್ರೆ ದೂರ ಇರಿ, ನೀರಿನ ಕಡೆ ದೊಡ್ಡ ಲೈಟ್ ಬಿಡಬೇಡಿ. ಮರಿಗಳು ಬೆಳಕಿಗೆ ದಾರಿ ತಪ್ತವೆ.

ರಾತ್ರಿ ಎರಡು ಗಂಟೆಯ ಪ್ರಶ್ನೆ

ಈಗ ಎಲ್ಲಕ್ಕಿಂತ ಮುಖ್ಯ ವಿಷಯ. ಬೋಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ಕೆಲವೇ ನಿಮಿಷ. ಹಗಲಲ್ಲಿ ಹಾಗೆ ಹೋಗೋದು ಮಜಾ. ಆದ್ರೆ ಮಧ್ಯರಾತ್ರಿ ಮಗುವಿಗೆ ಹುಷಾರಿಲ್ಲ ಅಂದ್ರೆ ದೋಣಿ ಇಲ್ಲ, ಕೂಳೂರು ಸೇತುವೆ ಸುತ್ತಿಯೇ ಬರಬೇಕು. ಮನೆ ಎದುರಿಗೇ ಕಾಣ್ತದೆ, ದಾರಿ ಮಾತ್ರ ಉದ್ದ. ಆದ್ದರಿಂದ ರಾತ್ರಿ ಉಳಿಯುವವರು ಸ್ವಂತ ವಾಹನದಲ್ಲಿ ಹೋಗಿ, ಓಡಿಸುವವರು ಒಬ್ಬರು ಎಚ್ಚರವಾಗಿ, ಕುಡಿಯದೆ ಇರಲಿ. ರಾತ್ರಿ ಉಳಿಯಲು ಬಿಡ್ತಾರಾ ಅಂತ ಬೀಚ್ ನೋಡಿಕೊಳ್ಳುವವರಲ್ಲಿ, ಪೊಲೀಸರಲ್ಲಿ ಮೊದಲೇ ಕೇಳಿ.

ಮಗುವಿಗೆ ಚಳಿಯಾಗಿದೆಯಾ ಅಂತ ತಿಳಿಯಲು ಕೈಕಾಲು ಮುಟ್ಟಬೇಡಿ, ಅವು ಸುಮ್ಮನೇ ತಣ್ಣಗಿರ್ತವೆ. ಕತ್ತಿನ ಹಿಂದೆ ಅಥವಾ ಹೊಟ್ಟೆ ಮುಟ್ಟಿ. ಬೆವರಿದ್ರೆ ಒಂದು ಪದರ ಕಮ್ಮಿ ಮಾಡಿ, ಬೆವರೂ ಆಮೇಲೆ ಒದ್ದೆಯೇ ಅಲ್ವಾ? ತಣ್ಣಗಿದ್ರೆ ಒದ್ದೆ ಬಟ್ಟೆ ತೆಗೆದು, ನಿಮ್ಮ ಎದೆಗೆ ಅಪ್ಪಿಕೊಂಡು, ಇಬ್ಬರಿಗೂ ಸೇರಿಸಿ ಹೊದ್ದುಕೊಳ್ಳಿ. ಎಚ್ಚರ ಇರುವ ದೊಡ್ಡ ಮಗುವಿಗೆ ಬಿಸಿ ಗಂಜಿ ಕೊಡಿ. ಮಲಗಿಸುವಾಗ ಹೊದಿಕೆ ಮುಖದ ಮೇಲೆ ಬರಬಾರದು. ಮಗು ತೀರಾ ಮಂಕಾದ್ರೆ, ಎಬ್ಬಿಸಿದ್ರೂ ಏಳದಿದ್ರೆ, ಹಾಲು ಬೇಡ ಅಂದ್ರೆ, ಬೆಳಗಾಗ್ಲಿ ಅಂತ ಕಾಯಬೇಡಿ. 112ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೊರಡಿ.

ಒಂದು ವರ್ಷದೊಳಗಿನ ಪಾಪು ಇದ್ರೆ ನಮ್ಮ ಸಲಹೆ: ಸಂಜೆ ಟೆಂಟ್ ಹಾಕಿ, ಊಟ ಮಾಡಿ, ಎಂಟಕ್ಕೆ ಮನೆಗೆ ಬನ್ನಿ. ಉಳಿದವರು ಮೊದಲು ಒಂದು ರಾತ್ರಿ ಮನೆಯ ತಾರಸಿಯಲ್ಲೇ ಟೆಂಟ್ ಹಾಕಿ ನೋಡಿ. ತಾರಸಿಯಲ್ಲೂ ನೆಲ ತಣ್ಣಗಾಗ್ತದೆ, ಇಬ್ಬನಿ ಬೀಳ್ತದೆ, ಬೆಳಗಿನ ಜಾವದ ಗಾಳಿ ಬೀಸ್ತದೆ. ಏನು ಸಾಲಲಿಲ್ಲ ಅಂತ ಅಲ್ಲೇ ಗೊತ್ತಾಗ್ತದೆ, ಮೆಟ್ಟಿಲಿಳಿದ್ರೆ ಹಾಸಿಗೆ ಇದ್ದೇ ಇದೆ.

ಈ ವಾರಾಂತ್ಯ ಹೊರಟಿರುವ ಯಾರಾದ್ರೂ ಗೊತ್ತಿದ್ರೆ ಅವರಿಗೆ ಈ ಎಪಿಸೋಡ್ ಕಳಿಸಿ. ಮತ್ತೆ ಸಿಗುವಾ.