ಮುಟ್ಟದೆ ತೆರೆದ ಓಲೆ

ಬಂದ ಓಲೆಯನ್ನು ಒಡೆದು ಓದುವವರೆಗೆ ಅದರಿಂದ ಕೇಡಿಲ್ಲವೆಂಬುದು ಹಿಂದಿನಿಂದ ನಡೆದುಬಂದ ನಂಬಿಕೆ. ಸೌದಿ ಅರೇಬಿಯದ ಹೋರಾಟಗಾರರೊಬ್ಬರ ಐಫೋನಿನ ವಿಷಯದಲ್ಲಿ ಈ ನಂಬಿಕೆ ಸುಳ್ಳಾಯಿತು. ಬಂದ ಓಲೆಯನ್ನು ಯಾರೂ ಮುಟ್ಟಬೇಕಾಗಿರಲಿಲ್ಲ. ಫೋನು ಪರರ ವಶವಾಗಿತ್ತು.

2021ರ ಮಾರ್ಚಿಯಲ್ಲಿ ಆ ಫೋನನ್ನು ಪರೀಕ್ಷಿಸಿದವರು ಕೆನಡದ ಟೊರಾಂಟೊ ವಿಶ್ವವಿದ್ಯಾನಿಲಯದ ಸಿಟಿಜನ್ ಲ್ಯಾಬ್ ಎಂಬ ಸಂಶೋಧನಾಲಯದವರು. ಪೆಗಾಸಸ್ ಎಂಬ ಬೇಹುಗಾರ ತಂತ್ರಾಂಶ ಅದರೊಳಗೆ ಹೊಕ್ಕಿದ್ದುದು ತಿಳಿಯಿತು. ಕೆಲವು ತಿಂಗಳ ಬಳಿಕ ಅದೇ ಫೋನಿನ ಪ್ರತಿಯನ್ನು ಮತ್ತೆ ಜಾಲಾಡಿದಾಗ ಹೊಕ್ಕ ದಾರಿಯೂ ಕಂಡಿತು. ‘ಜಿಫ್’ ಚಿತ್ರಗಳೆಂಬ ಹೆಸರು ಹೊತ್ತ ಹಲವು ಕಡತಗಳು ಅಲ್ಲಿದ್ದವು. ಅವುಗಳಲ್ಲಿ ನಾಲ್ಕು, ವೇಷ ಮರೆಸಿಕೊಂಡ ಪಿಡಿಎಫ್ ದಸ್ತಾವೇಜುಗಳು!

ಜಿಫ್ ಚಿತ್ರಗಳು ತೆರೆಯ ಮೇಲೆ ನಿಲ್ಲದೆ ಕುಣಿಯುತ್ತಿರಲೆಂಬ ಅಕ್ಕರೆಯಿಂದ, ಫೋನಿನ ಸಂದೇಶ ವಿಭಾಗವು ಅವನ್ನು ಒಡೆಯನು ನೋಡುವ ಮೊದಲೇ ತಾನಾಗಿ ತೆರೆದು ಸಜ್ಜುಗೊಳಿಸುತ್ತಿತ್ತು. ತೆರೆಯುವ ತಂತ್ರಾಂಶವಾದರೋ ಹೆಸರನ್ನು ಲೆಕ್ಕಿಸದೆ ಒಳಗಿನ ಹುರುಳನ್ನು ನೋಡಿ ಕಡತದ ಬಗೆಯನ್ನು ಗುರುತಿಸುವಂಥದು. ಪಿಡಿಎಫ್ ಎಂದು ಕಂಡೊಡನೆ ಅದನ್ನು ದಸ್ತಾವೇಜು ಓದುವ ಭಾಗಕ್ಕೆ ಒಪ್ಪಿಸಿತು.

ಲೋಪವಿದ್ದುದು ಆ ಭಾಗದ ಒಂದು ಹಳೆಯ ಮೂಲೆಯಲ್ಲಿ. ಸ್ಕ್ಯಾನ್ ಮಾಡಿದ ಕಾಗದಗಳನ್ನು ಕಡಮೆ ಜಾಗದಲ್ಲಿ ಅಡಕಗೊಳಿಸಲು ಜೆಬಿಗ್-2 ಎಂಬ ವಿಧಾನವಿದೆ. ಅಚ್ಚುಕೂಟದ ಮೊಳೆಗಳನ್ನು ಬಲ್ಲವರಿಗೆ ಅದು ಸುಲಭವಾಗಿ ತಿಳಿದೀತು: ಪುಟದಲ್ಲಿ ನೂರು ಕಡೆ ‘ಕ’ ಬಂದರೂ ಆಕಾರವನ್ನು ಒಮ್ಮೆ ಮಾತ್ರ ಇರಿಸಿಕೊಂಡು, ಬೇಕಾದೆಡೆಯಲ್ಲೆಲ್ಲ ಒತ್ತುವುದು. ಓದುವ ತಂತ್ರಾಂಶವು ಇಂಥ ಆಕಾರಗಳು ಒಟ್ಟು ಎಷ್ಟೆಂದು ಮೊದಲು ಕೂಡಿ, ಅಷ್ಟಕ್ಕೆ ಸಾಲುವ ಜಾಗವನ್ನು ಸ್ಮೃತಿಕೋಶದಲ್ಲಿ ಕಾದಿರಿಸುತ್ತದೆ. ಆ ಎಣಿಕೆಯ ಮಿತಿ 4,29,49,67,295. ಅದನ್ನು ದಾಟಿದರೆ, ಹಳೆಯ ವಿದ್ಯುತ್ ಮೀಟರು 99999ರ ಬಳಿಕ ಸೊನ್ನೆಗೆ ಮರಳುವಂತೆ, ಲೆಕ್ಕವೂ ಸೊನ್ನೆಗೆ ಮರಳುತ್ತದೆ. ವಂಚಕರು ಬೇಕೆಂದೇ ದಾಟಿಸಿದರು. ಕೊಳಗದ ಹಾಲನ್ನು ಲೋಟಕ್ಕೆ ಸುರಿದಂತಾಯಿತು. ಉಕ್ಕಿದ್ದು ಪಕ್ಕದ ಸ್ಮೃತಿಯನ್ನು ಅಳಿಸಿ ಬರೆಯಿತು.

ಇಷ್ಟೇ ಆಗಿದ್ದರೆ ಇದೊಂದು ಸಾಧಾರಣ ಕನ್ನ. ಜೆಬಿಗ್-2ರಲ್ಲಿ ಒಂದು ಆಕಾರದ ಮೇಲೆ ಇನ್ನೊಂದನ್ನು ಒತ್ತಿ, ಎರಡರಲ್ಲೂ ಮಸಿಯಿದ್ದರೆ ಉಳಿಸು, ಒಂದರಲ್ಲಿ ಮಾತ್ರ ಇದ್ದರೆ ಉಳಿಸು ಎಂದು ಮುಂತಾಗಿ ಆಜ್ಞೆ ಕೊಡಬಹುದು. ಗಣಕಯಂತ್ರದ ತಳಪಾಯದ ಇಟ್ಟಿಗೆಗಳೂ ಇವೇ. ಎಪ್ಪತ್ತು ಸಾವಿರಕ್ಕೂ ಮಿಕ್ಕ ಇಂಥ ತುಣುಕು ಆಜ್ಞೆಗಳನ್ನು ಪೋಣಿಸಿ, ಕೂಡುವ, ಹೋಲಿಸುವ ಪುಟ್ಟ ಗಣಕವೊಂದನ್ನೇ ಚಿತ್ರದೊಳಗೆ ಕಟ್ಟಿದ್ದರು! ಅದನ್ನು ಬಿಡಿಸಿ ನೋಡಿದ ಗೂಗಲ್ ಸಂಸ್ಥೆಯ ಪ್ರಾಜೆಕ್ಟ್ ಜೀರೊ ತಜ್ಞರು 2021ರ ಡಿಸೆಂಬರಿನಲ್ಲಿ, ತಾವು ಕಂಡ ಅತ್ಯಂತ ಚಾತುರ್ಯದ ಆಕ್ರಮಣಗಳಲ್ಲಿ ಇದೂ ಒಂದೆಂದು ಬೆರಗಾದರು. ಇಂಥ ಬುದ್ಧಿಯೆಲ್ಲ ವ್ಯಯವಾದುದು ಒಬ್ಬ ಮನುಷ್ಯನ ಮಾತನ್ನು ಕದ್ದು ಕೇಳುವುದಕ್ಕೆ. ಪೆಗಾಸಸ್ ಒಮ್ಮೆ ನೆಲೆಯೂರಿತೆಂದರೆ ಫೋನಿನ ಮೈಕು, ಕ್ಯಾಮೆರಾ ಎಲ್ಲವೂ ಬೇಹುಗಾರನವು. ಇದು ಇಸ್ರೇಲಿನ ಎನ್.ಎಸ್.ಒ. ಸಮೂಹದ ಕೈವಾಡವೆಂದು ಸಿಟಿಜನ್ ಲ್ಯಾಬ್ ತೀರ್ಮಾನಿಸಿತು.

ಸೆಪ್ಟೆಂಬರ್ 7ರಂದು ಕಡತಗಳು ಆ್ಯಪಲ್ ಸಂಸ್ಥೆಯ ಕೈಸೇರಿದವು. 13ರಂದು ಐಒಎಸ್ 14.8 ಎಂಬ ತಿದ್ದುಪಡಿ ಹೊರಬಿದ್ದಿತು. ಅಪರಿಚಿತ ಸಂದೇಶಗಳನ್ನು ಜಗಲಿಯಲ್ಲೇ ಕೂರಿಸಿ ವಿಚಾರಿಸುವ ‘ಬ್ಲಾಸ್ಟ್‌ಡೋರ್’ ಎಂಬ ಕಾವಲು ಹಿಂದಿನ ವರ್ಷವೇ ಏರ್ಪಟ್ಟಿತ್ತು. ಕುಣಿಯುವ ಜಿಫ್‌ಗಳಿಗೆ ಮಾತ್ರ ಜಗಲಿ ದಾಟಿ ಒಳಬರುವ ಸಲಿಗೆಯಿತ್ತು. ಸೆಪ್ಟೆಂಬರ್ 20ರಂದು ಬಂದ ಐಒಎಸ್ 15ರಲ್ಲಿ ಆ ಸಲಿಗೆಯನ್ನು ಕಿತ್ತುಹಾಕಿ, ಜಿಫ್‌ಗಳನ್ನೂ ಜಗಲಿಯಲ್ಲೇ ಕೂರಿಸಿದರು.